ಹ್ಯಾಕ್ ಆಗಿದ್ದ ಜಾಲತಾಣವನ್ನು ತೆರೆದ ಮೇಲೆ ಮನೆಯ ಕಂಪ್ಯೂಟರನ್ನು ಪರಿಶೀಲಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎಲ್ಲರೂ ಬಳಸುವ ಕಂಪ್ಯೂಟರ್ ಒಂದೇ ಇದೆ. ಅದರಲ್ಲಿ ವಿಂಡೋಸ್ 11 ಇದ್ದು, ಅದರೊಂದಿಗೇ ಬರುವ ಡಿಫೆಂಡರ್ ಹೊರತು ಬೇರೆ ಆ್ಯಂಟಿವೈರಸ್ ಹಾಕಿಲ್ಲ. ಕಳೆದ ಭಾನುವಾರ ಸಂಜೆ ಹೊಲಿಗೆಯ ಅಳತೆಚಿತ್ರಗಳಿರುವ ಒಂದು ಜಾಲತಾಣವನ್ನು ಹುಡುಕು ತಾಣದ ಮೂಲಕ ತೆರೆದೆ. ಎಷ್ಟೋ ವರ್ಷಗಳಿಂದ ನಾನು ನೋಡುತ್ತ ಬಂದಿರುವ ತಾಣವಾದ್ದರಿಂದ ಅನುಮಾನಕ್ಕೆ ಕಾರಣವೇ ಇರಲಿಲ್ಲ. ಆದರೆ ಅಂದು ಪುಟ ಒಂದು ಕ್ಷಣ ಪೂರ್ತಿ ಬೆಳ್ಳಗಾಗಿ, ಆಮೇಲೆ ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಹೊಸ ಆವೃತ್ತಿಯನ್ನು ಹಾಕಿಕೊಳ್ಳಿ’ ಎಂಬ ಸೂಚನೆ ಬಂತು. ನಾನು ಆ ಗುಂಡಿಯನ್ನು ಒತ್ತಿದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಪುಟವನ್ನು ಮುಚ್ಚಿ ಬೇರೆ ಕೆಲಸಕ್ಕೆ ಎದ್ದುಹೋದೆ.

ನಿನ್ನೆ ಬುಧವಾರ ಅದೇ ತಾಣದವರು ಮುಖಪುಟದಲ್ಲಿ ಒಂದು ಪ್ರಕಟಣೆ ಹಾಕಿದ್ದಾರೆ. ಶುಕ್ರವಾರದಿಂದ ಮಂಗಳವಾರದವರೆಗೆ ತಮ್ಮ ಪುಟಗಳಲ್ಲಿ ಹೊರಗಿನವರು ಸೇರಿಸಿದ ಕೋಡ್ ಇತ್ತೆಂದೂ ಈಗ ಅದನ್ನು ತೆಗೆದಿದ್ದೇವೆಂದೂ ಅದರಲ್ಲಿದೆ. ಓದಿದ ಕೂಡಲೇ ಡೌನ್‌ಲೋಡ್ಸ್ ಫೋಲ್ಡರ್ ನೋಡಿದೆ. ಭಾನುವಾರದ ಸಮಯಕ್ಕೆ ಸರಿಹೊಂದುವ ಒಂದು ಜಿಪ್ ಫೈಲ್ ಅಲ್ಲಿ ಕುಳಿತಿದೆ. ಡಿಫೆಂಡರ್‌ನ ಕ್ವಿಕ್ ಸ್ಕ್ಯಾನ್ ಮಾಡಿದರೆ ‘ಯಾವ ಅಪಾಯವೂ ಇಲ್ಲ’ ಎಂದು ತೋರಿಸಿತು. ಆದರೂ ಮನಸ್ಸಿಗೆ ಸಮಾಧಾನವಿಲ್ಲ, ಏಕೆಂದರೆ ಬ್ಯಾಂಕ್ ಖಾತೆ, ಇಮೇಲ್, ಮಗಳ ಶಾಲೆಯ ಕೆಲಸ, ಹತ್ತು ವರ್ಷಗಳ ಫೋಟೊಗಳು ಎಲ್ಲವೂ ಇದರಲ್ಲೇ ಇವೆ. ಕ್ವಿಕ್ ಸ್ಕ್ಯಾನ್ ಹೇಳಿದ್ದನ್ನು ನಂಬಬಹುದೇ? ಬರಿದೇ ಪುಟ ತೆರೆದದ್ದರಿಂದಲೇ ಕುತಂತ್ರಾಂಶ ಒಳಗೆ ಬಂದಿರಬಹುದೇ? ಇನ್ನೊಂದು ಸಂಗತಿ ನನಗೆ ಅರ್ಥವಾಗಲಿಲ್ಲ: ಸೋಮವಾರ ನಾನು ಅದೇ ಪುಟವನ್ನು ಮತ್ತೆ ತೆರೆದಾಗ ಆ ಸೂಚನೆ ಬರಲೇ ಇಲ್ಲ. ಆಗಿನ್ನೂ ಅವರು ಕೋಡ್ ತೆಗೆದಿರಲಿಲ್ಲವಲ್ಲ?

ಉತ್ತರ 1

ನಮಸ್ಕಾರ. ಯಾವ ಸ್ಕ್ಯಾನ್ ಮಾಡಬೇಕೆನ್ನುವುದಕ್ಕಿಂತ ಮೊದಲು, ಆ ಪುಟ ತೆರೆದುಕೊಂಡ ಮೇಲೆ ಈ ಕಂಪ್ಯೂಟರಿನಲ್ಲಿ ಯಾರು ಏನು ಮಾಡಿದರು ಎಂಬುದನ್ನು ಖಚಿತ ಮಾಡಿಕೊಳ್ಳಿ. ಪುಟವನ್ನು ಬರಿದೇ ನೋಡಿದ್ದು, ಅಲ್ಲಿಂದ ಫೈಲ್ ಇಳಿದದ್ದು, ಇಳಿದದ್ದನ್ನು ತೆರೆದದ್ದು, ಈ ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ.

ಬರಿದೇ ನೋಡಿದ್ದರಿಂದ ಅಪಾಯವಾಗುವ ಕಾಲ ಒಂದಿತ್ತು. ಫ್ಲ್ಯಾಶ್ ಮತ್ತು ಜಾವಾ ಪ್ಲಗಿನ್‌ಗಳು ಬ್ರೌಸರಿನೊಳಗೆ ಓಡುತ್ತಿದ್ದ ದಿನಗಳಲ್ಲಿ ಅವುಗಳಲ್ಲಿದ್ದ ದೋಷಗಳನ್ನು ಹುಡುಕಿ ತನ್ನಷ್ಟಕ್ಕೆ ಒಳನುಗ್ಗುವ ಕಿಟ್‌ಗಳನ್ನು ಬಾಡಿಗೆಗೇ ಕೊಡುತ್ತಿದ್ದರು. ಫ್ಲ್ಯಾಶ್‌ಗೆ ಅಡೋಬಿ ನೀಡುತ್ತಿದ್ದ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗಿನ ಬ್ರೌಸರುಗಳು ಪುಟದ ಕೋಡನ್ನು ಬೇಲಿಯೊಳಗೆ ಕಟ್ಟಿಹಾಕಿದಂತೆ ಪ್ರತ್ಯೇಕವಾಗಿ ಓಡಿಸುತ್ತವೆ. ಆದ್ದರಿಂದ ವಿಂಡೋಸ್ ಮತ್ತು ಬ್ರೌಸರ್ ಎರಡೂ ಅಪ್‌ಡೇಟ್ ಆಗಿದ್ದರೆ ಬರಿದೇ ನೋಡಿದ್ದರಿಂದ ಮನೆಯ ಕಂಪ್ಯೂಟರಿಗೆ ಸೋಂಕು ತಗಲುವುದು ಅಪರೂಪ. ಅಸಾಧ್ಯವೆಂದು ಹೇಳುತ್ತಿಲ್ಲ, ಬ್ರೌಸರ್ ತಯಾರಕರಿಗೇ ಇನ್ನೂ ಗೊತ್ತಿರದ ದೋಷಗಳನ್ನು ಬಳಸುವವರು ಇದ್ದಾರೆ. ನಿಮ್ಮ ಬ್ರೌಸರಿನ ಮೂಲೆಯಲ್ಲಿ ‘ಅಪ್‌ಡೇಟ್ ಮುಗಿಸಲು ಮತ್ತೆ ತೆರೆಯಿರಿ’ ಎಂಬ ಗುರುತು ಭಾನುವಾರವೂ ಇತ್ತೇ ಎಂದು ನೆನಪಿಸಿಕೊಳ್ಳಿ. ಹಲವರು ವಾರಗಟ್ಟಲೆ ಅದನ್ನು ಹಾಗೇ ಬಿಟ್ಟಿರುತ್ತಾರೆ.

ಈಗ ಹೆಚ್ಚಾಗಿ ನಡೆಯುತ್ತಿರುವುದು ಬೇರೆ. ಬೀಗ ಒಡೆಯುವ ಕಷ್ಟ ಬೇಡವೆಂದು ಒಳಗಿನವರಿಂದಲೇ ಬಾಗಿಲು ತೆಗೆಸುವ ಉಪಾಯವದು. ನಿಮಗೆ ಕಂಡ ಸುಳ್ಳು ಅಪ್‌ಡೇಟ್ ಅದರ ಒಂದು ರೂಪ. ಆ ಜಿಪ್‌ನೊಳಗೆ ಸಾಮಾನ್ಯವಾಗಿ ಒಂದು ಜಾವಾಸ್ಕ್ರಿಪ್ಟ್ ಫೈಲ್ ಇರುತ್ತದೆ. ಅದನ್ನು ಎರಡು ಬಾರಿ ಕ್ಲಿಕ್ ಮಾಡಿದರೆ ಅದು ಬ್ರೌಸರಿನ ಬೇಲಿಯ ಹೊರಗೆ, ವಿಂಡೋಸಿನ ಸ್ಕ್ರಿಪ್ಟ್ ಹೋಸ್ಟ್ ಮೂಲಕ ಓಡುತ್ತದೆ. ಜಿಪ್ ಇಳಿದು ಸುಮ್ಮನೆ ಕುಳಿತಿದ್ದರೆ ಅದರಿಂದ ಹಾನಿಯಿಲ್ಲ. ಅದನ್ನು ತೆರೆಯಬೇಡಿ, ಆದರೆ ಅಳಿಸುವ ಮೊದಲು ಅದರ ಹೆಸರು, ಇಳಿದ ಸಮಯ ಮತ್ತು ಬ್ರೌಸರಿನ ಡೌನ್‌ಲೋಡ್ ಪಟ್ಟಿಯಲ್ಲಿ ಕಾಣುವ ವಿಳಾಸವನ್ನು ಬರೆದಿಟ್ಟುಕೊಳ್ಳಿ. ವಿಂಡೋಸ್ ಫೋಲ್ಡರಿನೊಳಗಿರುವ ಪ್ರಿಫೆಚ್ ಎಂಬ ಫೋಲ್ಡರಿನಲ್ಲಿ ಓಡಿದ ಕಾರ್ಯಕ್ರಮಗಳ ಗುರುತು ಉಳಿಯುತ್ತದೆ. ಅಲ್ಲಿ ಆ ಸ್ಕ್ರಿಪ್ಟ್ ಹೋಸ್ಟ್‌ನದೇ ಆದ ‘ಡಬ್ಲ್ಯೂಸ್ಕ್ರಿಪ್ಟ್’ ಎಂಬ ಹೆಸರಿನಿಂದ ಆರಂಭವಾಗುವ ಕಡತವಿದ್ದು ಅದರ ದಿನಾಂಕ ಭಾನುವಾರ ಸಂಜೆಯದ್ದಾಗಿದ್ದರೆ, ಯಾರೋ ಸ್ಕ್ರಿಪ್ಟ್ ಒಂದನ್ನು ಓಡಿಸಿದ್ದಾರೆಂದೇ ತಿಳಿಯಬೇಕಾಗುತ್ತದೆ.

ಎರಡನೆಯ ರೂಪ ಇನ್ನೂ ಕೆಟ್ಟದ್ದು. ‘ನೀವು ರೋಬೋಟ್ ಅಲ್ಲವೆಂದು ದೃಢಪಡಿಸಿ’ ಎಂಬ ಚೌಕ ಬರುತ್ತದೆ. ಅದರ ಮೇಲೆ ಒತ್ತಿದಾಗ ನಿಮಗೆ ತಿಳಿಯದಂತೆ ಒಂದು ಆಜ್ಞೆಯ ಸಾಲು ಕ್ಲಿಪ್‌ಬೋರ್ಡಿಗೆ ನಕಲಾಗುತ್ತದೆ. ಆಮೇಲೆ ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಕಂಟ್ರೋಲ್‌ನೊಂದಿಗೆ ವಿ ಒತ್ತಿ, ಎಂಟರ್ ಒತ್ತಿ ಎಂದು ಸೂಚನೆ ಬರುತ್ತದೆ. ಹೀಗೆ ಮಾಡಿದಾಗ ರನ್ ಪೆಟ್ಟಿಗೆಯಲ್ಲಿ ಆ ಸಾಲಿನ ಕೊನೆಯ ಭಾಗ ಮಾತ್ರ ಕಾಣುತ್ತದೆ, ಅಲ್ಲಿ ‘ನಾನು ರೋಬೋಟ್ ಅಲ್ಲ’ ಎಂದೂ ಒಂದು ಪರಿಶೀಲನಾ ಸಂಖ್ಯೆಯೂ ಇರುತ್ತದೆ. ನಿಜವಾದ ಆಜ್ಞೆ ಎಡಕ್ಕೆ ಸರಿದು ಕಣ್ಣಿಗೆ ಬೀಳುವುದಿಲ್ಲ. ಕ್ಲಿಕ್‌ಫಿಕ್ಸ್ ಎಂದು ಕರೆಯುವ ಈ ತಂತ್ರ 2024ರಿಂದೀಚೆಗೆ ಬಹಳ ಹರಡಿದೆ. ಶುಕ್ರವಾರದಿಂದೀಚೆಗೆ ಆ ತಾಣವನ್ನು ಮನೆಯಲ್ಲಿ ಬೇರೆ ಯಾರಾದರೂ ತೆರೆದಿದ್ದರೇ, ಇಂಥ ಚೌಕ ಕಂಡಿತ್ತೇ ಎಂದು ದಯವಿಟ್ಟು ಪ್ರತಿಯೊಬ್ಬರನ್ನೂ ಕೇಳಿ. ಗದರಿಸದೆ ಕೇಳಿ. ಹೆದರಿದವರು ಬಾಯಿ ಬಿಡುವುದಿಲ್ಲ, ಇಲ್ಲಿ ನಿಮಗೆ ಬೇಕಾಗಿರುವುದು ನಿಜವಾದ ಉತ್ತರ.

ಸೋಮವಾರ ಏನೂ ಕಾಣಲಿಲ್ಲವೆಂದು ಕೇಳಿದ್ದೀರಿ. ಇಂಥ ಕೋಡ್ ಎಲ್ಲರಿಗೂ ಎಲ್ಲ ಸಲವೂ ಮುಖ ತೋರಿಸುವುದಿಲ್ಲ. ವಿಂಡೋಸ್‌ನಿಂದ ಬಂದವರಿಗೆ, ಹುಡುಕು ತಾಣದ ಮೂಲಕ ಬಂದವರಿಗೆ, ಒಂದು ಅಂತರ್ಜಾಲ ಸಂಪರ್ಕದ ವಿಳಾಸಕ್ಕೆ (ಐಪಿ) ಒಮ್ಮೆ ಮಾತ್ರ ತೋರಿಸುವಂತೆ ಬರೆದಿರುವುದೇ ಹೆಚ್ಚು. ತಾಣದ ಮಾಲೀಕರು ತಾವೇ ತೆರೆದು ನೋಡಿದಾಗ ಎಲ್ಲವೂ ಸರಿಯಾಗಿಯೇ ಕಾಣಬೇಕೆಂಬುದು ಅದರ ಉದ್ದೇಶ.

ಉತ್ತರ 2

ಮೇಲಿನ ಉತ್ತರಕ್ಕೆ ಪರಿಶೀಲನೆಯ ಕ್ರಮವನ್ನಷ್ಟೇ ಸೇರಿಸುತ್ತೇನೆ. ಕ್ವಿಕ್ ಸ್ಕ್ಯಾನ್ ಎಂಬುದು ಕುತಂತ್ರಾಂಶ ಸಾಮಾನ್ಯವಾಗಿ ಅಡಗುವ ಜಾಗಗಳನ್ನು ಮಾತ್ರ ನೋಡುತ್ತದೆ. ಅದು ಏನೂ ಇಲ್ಲವೆಂದರೆ ‘ನಾನು ನೋಡಿದ ಕಡೆ, ನನಗೆ ಪರಿಚಯವಿರುವುದು ಯಾವುದೂ ಸಿಗಲಿಲ್ಲ’ ಎಂದಷ್ಟೇ ಅರ್ಥ.

ಮೊದಲು ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಪುಟಕ್ಕೆ ಹೋಗಿ, ಅಲ್ಲಿನ ಸೆಟ್ಟಿಂಗ್‌ಗಳ ಕೆಳಭಾಗದಲ್ಲಿರುವ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನು ತೆರೆಯಿರಿ. ಅದು ಸ್ಕ್ಯಾನ್ ಮಾಡದೆ ಬಿಡಬೇಕಾದ ಜಾಗಗಳ ಪಟ್ಟಿ. ನೀವಾಗಿ ಏನನ್ನೂ ಸೇರಿಸಿರದಿದ್ದರೆ ಅದು ಖಾಲಿ ಇರಬೇಕು. ಕೆಲವು ಕುತಂತ್ರಾಂಶಗಳು ಒಳಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸವೇ ತಮ್ಮ ಫೋಲ್ಡರನ್ನು ಈ ಪಟ್ಟಿಗೆ ಸೇರಿಸುವುದು. ಆದರೂ ಸ್ಕ್ಯಾನ್ ಬಗ್ಗೆ ಕೊಡುವ ಸಲಹೆಗಳಲ್ಲಿ ಇದನ್ನು ಹೇಳುವವರು ಕಡಿಮೆ, ಅದು ನನಗೆ ಬೇಸರದ ಸಂಗತಿ. ಪ್ರೊಟೆಕ್ಷನ್ ಹಿಸ್ಟರಿಯನ್ನೂ ನೋಡಿ. ಶುಕ್ರವಾರದಿಂದೀಚೆಗೆ ಏನಾದರೂ ತಡೆದಿದ್ದರೆ ಅಲ್ಲಿ ಕಾಣುತ್ತದೆ.

ಆಮೇಲೆ ಅಪ್‌ಡೇಟ್ ಮಾಡಿ ಫುಲ್ ಸ್ಕ್ಯಾನ್ ಹಾಕಿ. ಅದು ಗಂಟೆಗಟ್ಟಲೆ ಹಿಡಿಯಬಹುದು. ಅದು ಮುಗಿದ ಮೇಲೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ಮತ್ತೆ ಆರಂಭವಾಗಿ, ವಿಂಡೋಸ್ ತೆರೆದುಕೊಳ್ಳುವ ಮೊದಲೇ ಸುಮಾರು 15 ನಿಮಿಷ ಪರಿಶೀಲನೆ ನಡೆಯುತ್ತದೆ. ವಿಂಡೋಸ್ ಓಡುತ್ತಿರುವಾಗ ತನ್ನನ್ನು ಮರೆಮಾಚಿಕೊಳ್ಳುವ ಕುತಂತ್ರಾಂಶಕ್ಕೆ ಆ ಹೊತ್ತಿನಲ್ಲಿ ಅಡಗಲು ಕಷ್ಟ. ಮತ್ತೊಂದು ಅಭಿಪ್ರಾಯ ಬೇಕೆಂದರೆ ಮೈಕ್ರೋಸಾಫ್ಟ್‌ನ ಸೇಫ್ಟಿ ಸ್ಕ್ಯಾನರ್ ಇದೆ. ಇಳಿಸಿಕೊಂಡ 10 ದಿನಗಳ ನಂತರ ಅದು ಕೆಲಸ ಮಾಡುವುದಿಲ್ಲವಾದ್ದರಿಂದ ಪ್ರತಿ ಸಲವೂ ಹೊಸದನ್ನೇ ಇಳಿಸಬೇಕು. ಗಾಬರಿಯಲ್ಲಿ ನಾಲ್ಕೈದು ಆ್ಯಂಟಿವೈರಸ್‌ಗಳನ್ನು ಒಟ್ಟಿಗೆ ತುಂಬಬೇಡಿ. ಸದಾ ಕಾವಲಿರುವ ಎರಡು ತಂತ್ರಾಂಶಗಳು ಒಂದಕ್ಕೊಂದು ಅಡ್ಡಬರುತ್ತವೆ. ‘ವೈರಸ್ ತೆಗೆಯಿರಿ’ ಎಂದು ಹುಡುಕಿ ಮೊದಲು ಸಿಕ್ಕಿದ್ದನ್ನು ಒತ್ತುವುದು ಈಗ ತಪ್ಪಿಸಿಕೊಂಡ ಬಲೆಗೇ ಮತ್ತೆ ಬಿದ್ದಂತೆ.

ಕಂಪ್ಯೂಟರ್ ಆರಂಭವಾದಾಗ ತಾವಾಗಿ ಓಡುವ ಕಾರ್ಯಕ್ರಮಗಳನ್ನು ನೋಡಲು ಮೈಕ್ರೋಸಾಫ್ಟ್‌ನದೇ ಆದ ಸಿಸ್‌ಇಂಟರ್ನಲ್ಸ್ ಬಳಗದ ಆಟೋರನ್ಸ್ ಎಂಬ ಉಪಕರಣ ಬಹಳ ಒಳ್ಳೆಯದು. ಅದರಲ್ಲಿ ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡಿ ಉಳಿದವನ್ನು ಓದಿ. ಗುಲಾಬಿ ಬಣ್ಣದ ಸಾಲೆಂದರೆ ತಯಾರಕರ ಸಹಿ ದೃಢಪಟ್ಟಿಲ್ಲವೆಂದು. ಹಳದಿಯೆಂದರೆ ನಮೂದು ಇದೆ, ಕಡತ ಇಲ್ಲವೆಂದು. ಗುಲಾಬಿ ಕಂಡದ್ದೆಲ್ಲ ಕೆಟ್ಟದ್ದಲ್ಲ, ಹಳೆಯ ಪ್ರಿಂಟರ್ ತಂತ್ರಾಂಶವೂ ಹಾಗೆ ಕಾಣಬಹುದು. ಅನುಮಾನ ಬಂದ ಸಾಲನ್ನು ಅಲ್ಲಿಂದಲೇ ವೈರಸ್‌ಟೋಟಲ್‌ನಲ್ಲಿ ಪರೀಕ್ಷಿಸಬಹುದು. ಅಲ್ಲಿರುವ ಹಲವಾರು ಆ್ಯಂಟಿವೈರಸ್‌ಗಳಲ್ಲಿ ಒಂದೇ ಒಂದು ಕೆಂಪು ತೋರಿಸಿದರೆ ಅದು ತಪ್ಪು ಎಚ್ಚರಿಕೆಯಾಗಿರುವ ಸಾಧ್ಯತೆಯೇ ಹೆಚ್ಚು. ನಿಮ್ಮ ಖಾಸಗಿ ದಾಖಲೆಗಳನ್ನು ಮಾತ್ರ ಅಲ್ಲಿಗೆ ಏರಿಸಬೇಡಿ, ಏರಿಸಿದ ಕಡತವನ್ನು ಬೇರೆಯವರೂ ಪಡೆಯಬಲ್ಲರು.

ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನೂ ನೋಟಿಫಿಕೇಷನ್ ಕಳಿಸಲು ಅನುಮತಿ ಪಡೆದ ತಾಣಗಳನ್ನೂ ಒಮ್ಮೆ ನೋಡಿ. ಪರದೆಯ ಮೂಲೆಯಲ್ಲಿ ಬರುವ ಸುಳ್ಳು ವೈರಸ್ ಎಚ್ಚರಿಕೆಗಳು ಎಷ್ಟೋ ಸಲ ಅಲ್ಲಿಂದಲೇ ಬರುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪ್ರಿಫೆಚ್ ಫೋಲ್ಡರಿನಲ್ಲಿ ಡಬ್ಲ್ಯೂಸ್ಕ್ರಿಪ್ಟ್ ಹೆಸರಿನ ಕಡತ ಇಲ್ಲ, ಜಿಪ್ ಅನ್ನು ನಾನು ತೆರೆದಿಲ್ಲವೆಂದು ನೆಮ್ಮದಿಯಾಯಿತು. ಆದರೆ ಮನೆಯವರನ್ನು ಕೇಳಿದಾಗ ವಿಷಯ ಬೇರೆಯಾಯಿತು. ನನಗೆಂದು ಒಂದು ಕುಪ್ಪಸದ ಮಾದರಿ ಹುಡುಕಲು ಮಗಳು ಶನಿವಾರ ಮಧ್ಯಾಹ್ನ ಅದೇ ತಾಣ ತೆರೆದಿದ್ದಳಂತೆ. ರೋಬೋಟ್ ಅಲ್ಲವೆಂಬ ಚೌಕ ಬಂದಿತ್ತು, ಅದು ಹೇಳಿದ ಕೀಲಿಗಳನ್ನು ಒಂದೊಂದಾಗಿ ಒತ್ತಿದೆ, ಆಮೇಲೆ ಪರದೆ ಸ್ವಲ್ಪ ಕಪ್ಪಾಗಿ ‘ಹೌದು’ ಅಥವಾ ‘ಇಲ್ಲ’ ಎಂದು ಕೇಳಿತು, ಹೌದು ಒತ್ತಿದೆ ಎಂದಳು. ಹೇಳುವಾಗ ಅವಳ ಕಣ್ಣು ತುಂಬಿಬಂದಿತ್ತು. ನಾನು ಏನೂ ಅನ್ನಲಿಲ್ಲ.

ಎಕ್ಸ್‌ಕ್ಲೂಷನ್ಸ್ ಪಟ್ಟಿ ಖಾಲಿ ಇಲ್ಲ. ನಮ್ಮ ಬಳಕೆದಾರ ಹೆಸರಿನ ಕೆಳಗಿರುವ, ತಂತ್ರಾಂಶಗಳು ತಮ್ಮ ಮಾಹಿತಿ ಇಟ್ಟುಕೊಳ್ಳುವ ಆ್ಯಪ್‌ಡೇಟಾ ಎಂಬ ಫೋಲ್ಡರ್ ಇಡಿಯಾಗಿ ಅದರಲ್ಲಿದೆ. ಯಾರೂ ಅದನ್ನು ಸೇರಿಸಿಲ್ಲ. ಈಗ ಏನು ಮಾಡಲಿ? ಅವಳು ಒತ್ತಿದ ಆ ಸಾಲು ಯಾವುದೆಂದು ತಿಳಿಯಲು ದಾರಿಯಿದೆಯೇ?

ಉತ್ತರ 1

ಮೊದಲು ಆ ಕಂಪ್ಯೂಟರಿನ ವೈಫೈ ಆಫ್ ಮಾಡಿ, ತಂತಿ ಇದ್ದರೆ ಕಿತ್ತುಬಿಡಿ. ಅದರಲ್ಲಿ ಇನ್ನು ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ, ಬದಲಾಯಿಸಲಿಕ್ಕೂ ಸಹ. ಹಾಗೆ ಬದಲಾಯಿಸಿದರೆ ಹೊಸ ಪಾಸ್‌ವರ್ಡ್ ಕೂಡ ಅವರ ಕೈಗೇ ಹೋಗಬಹುದು.

ಸಾಲು ಯಾವುದೆಂದು ನೋಡಲು ದಾರಿಯಿದೆ. ರನ್ ಪೆಟ್ಟಿಗೆಯಲ್ಲಿ ಒತ್ತಿದ ಸಾಲುಗಳನ್ನು ವಿಂಡೋಸ್ ತನ್ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ಉಳಿಸಿಕೊಂಡಿರುತ್ತದೆ. ರಿಜಿಸ್ಟ್ರಿ ಎಡಿಟರ್ ತೆರೆದು, ಕರೆಂಟ್ ಯೂಸರ್ ವಿಭಾಗದಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಎಕ್ಸ್‌ಪ್ಲೋರರ್ ಎಂದು ಒಂದರೊಳಗೊಂದು ಇಳಿದರೆ ‘ರನ್ ಎಂಆರ್‌ಯು’ ಎಂಬ ಹೆಸರು ಸಿಗುತ್ತದೆ. ಅಲ್ಲಿ ಎ, ಬಿ, ಸಿ ಎಂಬ ಅಕ್ಷರಗಳ ಮುಂದೆ ಒತ್ತಿದ ಸಾಲುಗಳಿರುತ್ತವೆ. ಪವರ್‌ಶೆಲ್ ಅಥವಾ ಎಂಎಸ್‌ಎಚ್‌ಟಿಎ (ಎರಡೂ ಆಜ್ಞೆಗಳನ್ನು ಓಡಿಸಬಲ್ಲ ವಿಂಡೋಸಿನದೇ ಉಪಕರಣಗಳು) ಎಂದು ಆರಂಭವಾಗಿ ಯಾವುದೋ ಜಾಲವಿಳಾಸವನ್ನು ಹೊತ್ತ ಉದ್ದನೆಯ ಸಾಲು ಕಂಡರೆ ಅದೇ. ಫೋನಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಏನೂ ಸಿಗದಿದ್ದರೆ ಪಾರಾದೆವೆಂದು ತಿಳಿಯಬೇಡಿ. ಆ ಜಾಗವನ್ನು ಅಳಿಸಿಹೋಗುವ ಕುತಂತ್ರಾಂಶಗಳೂ ಇವೆ. ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಕಂಡದ್ದೇ ಸಾಕಷ್ಟು ಸಾಕ್ಷಿ. ಆ ‘ಹೌದು’ ಒತ್ತಿದ್ದರಿಂದಲೇ ಪಟ್ಟಿಯನ್ನು ಬದಲಿಸುವ ಅಧಿಕಾರ ಅದಕ್ಕೆ ಸಿಕ್ಕಿದೆ, ನಿಮ್ಮ ಕ್ವಿಕ್ ಸ್ಕ್ಯಾನ್ ಆ ಫೋಲ್ಡರನ್ನು ನೋಡದೆಯೇ ‘ಅಪಾಯವಿಲ್ಲ’ ಎಂದದ್ದು.

ಇಂಥ ದಾರಿಯಲ್ಲಿ ಬರುವುದು ಬಹುಮಟ್ಟಿಗೆ ಮಾಹಿತಿ ಕದಿಯುವ ಕುತಂತ್ರಾಂಶ. ಲುಮ್ಮಾ ಎಂಬ ಹೆಸರಿನದ್ದು ಅದರಲ್ಲಿ ಹೆಚ್ಚು ಹರಡಿತ್ತು. 2025ರ ಮಾರ್ಚ್ 16ರಿಂದ ಮೇ 16ರವರೆಗಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದು ಕಂಡುಬಂದಿತೆಂದು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಲಾಗಿನ್ ಆಗಿರುವ ಗುರುತನ್ನು ಹೊತ್ತ ಕುಕಿಗಳು, ಕೆಲವು ದಾಖಲೆಗಳು, ಇವಿಷ್ಟನ್ನು ಕೆಲವೇ ನಿಮಿಷಗಳಲ್ಲಿ ಕಟ್ಟಿ ಕಳಿಸಿಬಿಡುತ್ತದೆ. ಶನಿವಾರದಿಂದ ಇಂದಿಗೆ ಐದು ದಿನವಾಯಿತು. ಆದ್ದರಿಂದ ಕಂಪ್ಯೂಟರಿಗಿಂತ ಮೊದಲು ಖಾತೆಗಳನ್ನು ಕಾಪಾಡಿಕೊಳ್ಳಿ. ನಿಮ್ಮ ಫೋನಿನಿಂದ, ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಅನಂತರ ಉಳಿದವು. ಬ್ಯಾಂಕಿಗೆ ಫೋನ್ ಮಾಡಿ ವಿಷಯ ತಿಳಿಸಿ.

ಉತ್ತರ 3

ಇಲ್ಲಿ ನನ್ನ ಅನುಭವವನ್ನು ಹೇಳಲೇಬೇಕು. ಎರಡು ವರ್ಷಗಳ ಹಿಂದೆ ನನಗೂ ಹೀಗೇ ಆಯಿತು. ಸ್ಕ್ಯಾನ್‌ಗಳೆಲ್ಲ ಶುದ್ಧವೆಂದವು, ಪಾಸ್‌ವರ್ಡ್ ಬದಲಾಯಿಸಿ ಸುಮ್ಮನಾದೆ. ವಾರದ ನಂತರ ನನ್ನ ಒಂದು ಖಾತೆಯಿಂದ ಪರಿಚಿತರಿಗೆಲ್ಲ ಹಣ ಕೇಳುವ ಸಂದೇಶಗಳು ಹೋದವು. ಪಾಸ್‌ವರ್ಡ್ ಹೊಸದು, ಎರಡು ಹಂತದ ದೃಢೀಕರಣವೂ ಇತ್ತು, ಆದರೂ ಒಳಗೆ ಬಂದಿದ್ದರು. ಆಮೇಲೆ ತಿಳಿದದ್ದೇನೆಂದರೆ, ಒಮ್ಮೆ ಲಾಗಿನ್ ಆದ ಮೇಲೆ ತಾಣವು ಬ್ರೌಸರಿಗೆ ಕೊಡುವ ಕುಕಿ ಒಳಗೆ ಬಿಟ್ಟವರ ಕೈಗೆ ಹಾಕಿದ ಮುದ್ರೆಯಂತೆ. ಆ ಮುದ್ರೆಯನ್ನು ನಕಲು ಮಾಡಿಕೊಂಡವರನ್ನು ಬಾಗಿಲಲ್ಲಿ ಮತ್ತೆ ಯಾರೂ ಕೇಳುವುದಿಲ್ಲ, ಪಾಸ್‌ವರ್ಡನ್ನೂ ಇಲ್ಲ, ಫೋನಿಗೆ ಬರುವ ಸಂಖ್ಯೆಯನ್ನೂ ಇಲ್ಲ. ಸ್ಕ್ಯಾನ್‌ನಲ್ಲಿ ಏನೂ ಸಿಗದಿರಲು ಕಾರಣವೂ ಸರಳ: ಕದ್ದದ್ದನ್ನು ಕಳಿಸಿ ತನ್ನನ್ನು ತಾನೇ ಅಳಿಸಿಕೊಂಡು ಹೋಗುವ ಜಾತಿಯೂ ಇದೆ.

ಹಾಗಾಗಿ ಪಾಸ್‌ವರ್ಡ್ ಬದಲಿಸಿ ನಿಲ್ಲಬೇಡಿ. ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಹೊರಬನ್ನಿ’ ಎಂಬ ಆಯ್ಕೆಯನ್ನು ಹುಡುಕಿ ಒತ್ತಿ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ಸಂಖ್ಯೆ ಮತ್ತು ಇಮೇಲ್ ನಿಮ್ಮವೇ ಎಂದು ನೋಡಿ. ಇಮೇಲ್‌ನ ಫಿಲ್ಟರ್‌ಗಳನ್ನೂ ಬೇರೆ ವಿಳಾಸಕ್ಕೆ ರವಾನಿಸುವ ವ್ಯವಸ್ಥೆಯನ್ನೂ ತೆರೆದು ನೋಡಿ, ಅಲ್ಲಿ ಯಾರೂ ಇಣುಕುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು. ಮಗಳ ಖಾತೆಗಳನ್ನೂ ಮರೆಯಬೇಡಿ.

ಪ್ರಶ್ನೆ ಕೇಳಿದವರು

ರನ್ ಎಂಆರ್‌ಯುನಲ್ಲಿ ಸಾಲು ಸಿಕ್ಕಿತು. ಪವರ್‌ಶೆಲ್ ಎಂದು ಆರಂಭವಾಗಿ ಮುಗಿಯುವಾಗ ನೀವು ಹೇಳಿದ ಹಾಗೆಯೇ ರೋಬೋಟ್ ಮಾತು ಇದೆ. ಎಕ್ಸ್‌ಕ್ಲೂಷನ್ ತೆಗೆದು ಫುಲ್ ಸ್ಕ್ಯಾನ್ ಹಾಕಿದಾಗ ಆ್ಯಪ್‌ಡೇಟಾದಲ್ಲಿ ಎರಡು ಕಡತಗಳನ್ನು ಹಿಡಿದು ತೆಗೆದುಹಾಕಿತು. ಆಫ್‌ಲೈನ್ ಸ್ಕ್ಯಾನ್‌ನಲ್ಲಿ ಮತ್ತೇನೂ ಬರಲಿಲ್ಲ. ಇಷ್ಟಕ್ಕೆ ನಿಲ್ಲಿಸಬಹುದೇ ಅಥವಾ ವಿಂಡೋಸನ್ನೇ ಹೊಸದಾಗಿ ಹಾಕಬೇಕೇ? ಫೋಟೊಗಳ ಚಿಂತೆ ನನಗೆ.

ಉತ್ತರ 2

ಹೊಸದಾಗಿ ಹಾಕಿ. ಬರಿದೇ ಪುಟ ನೋಡಿದ್ದರೆ ಅಥವಾ ಜಿಪ್ ಇಳಿದಿತ್ತಷ್ಟೇ ಆಗಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ. ಆದರೆ ಇಲ್ಲಿ ಆಜ್ಞೆ ಓಡಿದೆ, ಅದಕ್ಕೆ ಆಡಳಿತಾಧಿಕಾರವೂ ಸಿಕ್ಕಿದೆ. ಸಿಕ್ಕ ಎರಡು ಕಡತಗಳ ಬಗ್ಗೆ ನಮಗೆ ಗೊತ್ತು, ಸಿಗದೆ ಉಳಿದದ್ದು ಇದೆಯೋ ಇಲ್ಲವೋ ಎಂದು ಯಾವ ಸ್ಕ್ಯಾನ್ ಕೂಡ ಪ್ರಮಾಣ ಮಾಡಿ ಹೇಳಲಾರದು. ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರವನ್ನು ಆ ಅನುಮಾನದಲ್ಲಿ ಇಟ್ಟುಕೊಳ್ಳಬೇಡಿ.

ಫೋಟೊ ಮತ್ತು ದಾಖಲೆಗಳನ್ನು ಹೊರಗಿನ ಡ್ರೈವಿಗೆ ನಕಲು ಮಾಡಿ. ಇನ್‌ಸ್ಟಾಲರ್‌ಗಳು, ಸ್ಕ್ರಿಪ್ಟ್‌ಗಳು, ಜಿಪ್‌ಗಳು ಯಾವುವೂ ಬೇಡ. ಆ್ಯಪ್‌ಡೇಟಾ ಫೋಲ್ಡರಂತೂ ಬೇಡವೇ ಬೇಡ. ನಕಲಾದ ಮೇಲೆ ಹತ್ತಾರು ಫೋಟೊಗಳನ್ನು ಅಲ್ಲಲ್ಲಿ ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ನಂಬಿಕೆಯಿರುವ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, ಕನಿಷ್ಠ 8 ಜಿಬಿ ಇರುವ ಖಾಲಿ ಪೆನ್‌ಡ್ರೈವಿನಲ್ಲಿ ವಿಂಡೋಸ್ ಸಿದ್ಧಮಾಡಿಕೊಳ್ಳಿ. ಅದರಿಂದ ಆರಂಭಿಸಿ, ಹಳೆಯ ಪಾರ್ಟಿಷನ್‌ಗಳನ್ನು ಅಳಿಸಿ ಹೊಸದಾಗಿ ಹಾಕಿ. ಪೆನ್‌ಡ್ರೈವ್ ಸಿದ್ಧಮಾಡುವಾಗ ಅದರಲ್ಲಿದ್ದುದೆಲ್ಲ ಅಳಿಯುತ್ತದೆಂಬುದು ನೆನಪಿರಲಿ. ಹೊಸ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಹೊರಗಿನ ಡ್ರೈವನ್ನು ಒಮ್ಮೆ ಸ್ಕ್ಯಾನ್ ಮಾಡಿ, ಆಮೇಲೆ ಫೋಟೊಗಳನ್ನು ಮರಳಿ ತನ್ನಿ. ಬ್ರೌಸರಿನಲ್ಲಿ ಸಿಂಕ್ ಆನ್ ಮಾಡಿದರೆ ಹಳೆಯ ಎಕ್ಸ್‌ಟೆನ್ಷನ್‌ಗಳೂ ಹಿಂದೆಯೇ ಬರುತ್ತವೆ, ಅವನ್ನು ನೋಡಿಕೊಳ್ಳಿ. ಈ ಸಲ ದಿನಬಳಕೆಗೆ ಆಡಳಿತಾಧಿಕಾರವಿಲ್ಲದ ಸಾಮಾನ್ಯ ಖಾತೆಯನ್ನು ಮಾಡಿಕೊಡಿ. ಆಗ ‘ಹೌದು’ ಒತ್ತಿದರೆ ಸಾಲದು, ಆಡಳಿತಗಾರರ ಪಾಸ್‌ವರ್ಡ್ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ. ಫೋನಿನಿಂದ ಇಮೇಲ್ ಖಾತೆಯನ್ನು ತೆರೆದಾಗ ಸಾಧನಗಳ ಪಟ್ಟಿಯಲ್ಲಿ ನಮ್ಮದಲ್ಲದ ಒಂದು ವಿಂಡೋಸ್ ಕಂಪ್ಯೂಟರ್ ಇತ್ತು. ಸೋಮವಾರ ನಸುಕಿನಲ್ಲಿ ಲಾಗಿನ್ ಆಗಿತ್ತು. ಎಲ್ಲವನ್ನೂ ಹೊರಹಾಕಿ ಪಾಸ್‌ವರ್ಡ್ ಬದಲಿಸಿದೆ. ಫಿಲ್ಟರ್‌ಗಳನ್ನು ನೋಡಿ ಎಂದು ನೀವು ಹೇಳಿರದಿದ್ದರೆ ಖಂಡಿತ ನೋಡುತ್ತಿರಲಿಲ್ಲ: ‘ಪಾಸ್‌ವರ್ಡ್’ ಮತ್ತು ‘ಭದ್ರತೆ’ ಎಂಬ ಪದಗಳಿರುವ ಪತ್ರಗಳನ್ನು ಓದಿದಂತೆ ಗುರುತುಮಾಡಿ ಕಸದ ಬುಟ್ಟಿಗೆ ಕಳಿಸುವ ನಿಯಮವೊಂದು ಅಲ್ಲಿತ್ತು. ಬುಟ್ಟಿಯಲ್ಲಿ ‘ಹೊಸ ಸಾಧನದಿಂದ ಲಾಗಿನ್ ಆಗಿದೆ’ ಎಂಬ ಎಚ್ಚರಿಕೆ ಸೋಮವಾರದಿಂದಲೂ ಬಿದ್ದಿತ್ತು. ಬ್ಯಾಂಕಿನವರು ಆನ್‌ಲೈನ್ ವ್ಯವಹಾರವನ್ನು ತಡೆಹಿಡಿದು ಹೊಸ ಗುರುತು ಕೊಟ್ಟರು, ಹಣ ಹೋಗಿಲ್ಲ. ವಿಂಡೋಸ್ ಹೊಸದಾಗಿ ಹಾಕಿಯಾಯಿತು, ಫೋಟೊಗಳು ಎಲ್ಲವೂ ಇವೆ. ರನ್ ಸಾಲಿನ ಫೋಟೊವನ್ನು ಆ ತಾಣದವರಿಗೆ ಕಳಿಸಿದ್ದೇನೆ; ಅದರಲ್ಲಿದ್ದ ವಿಳಾಸವನ್ನು ತಮ್ಮ ಪ್ರಕಟಣೆಗೆ ಸೇರಿಸಿ, ಆ ಐದು ದಿನಗಳಲ್ಲಿ ಚೌಕ ಕಂಡವರು ಏನು ನೋಡಬೇಕೆಂದು ಬರೆಯುವುದಾಗಿ ಉತ್ತರಿಸಿದ್ದಾರೆ. ಅದರ ಒಕ್ಕಣೆಯನ್ನು ಮಗಳೇ ಕುಳಿತು ಬರೆದುಕೊಡುತ್ತಿದ್ದಾಳೆ.